ಗುಲ್ಮದ ಸಿಸ್ಟ್ ಒಡೆದಾಗ: ಹಣಕೋಣದಿಂದ ಆಪರೇಷನ್ ಥಿಯೇಟರಿನವರೆಗೆ

(ಬಾನುಲಿ ಭಾಷಣ)



ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳಬರಿಗೆ ಜ್ವರಗಡ್ಡೆ ಗೊತ್ತು. ಮಲೇರಿಯಾ ಮತ್ತೆ ಮತ್ತೆ ಬಂದ ಮಕ್ಕಳ ಹೊಟ್ಟೆಯ ಎಡಭಾಗದಲ್ಲಿ ಕೈಗೆ ಸಿಗುವಂತೆ ಬೆಳೆದು ನಿಲ್ಲುತ್ತಿದ್ದ ಗಟ್ಟಿ ಗಡ್ಡೆ ಅದು. ಹಾಗೆ ಬೆಳೆದ ಅಂಗವೇ ಗುಲ್ಮ, ಸ್ಪ್ಲೀನ್. ಒಂದು ಊರಿನಲ್ಲಿ ಮಲೇರಿಯಾ ಎಷ್ಟಿದೆಯೆಂದು ತಿಳಿಯಲು ಆ ಕಾಲದ ವೈದ್ಯರು ಎರಡರಿಂದ ಹತ್ತು ವರ್ಷದ ಮಕ್ಕಳ ಎಡ ಪಕ್ಕೆಯ ಕೆಳಗೆ ಬೆರಳೊತ್ತಿ, ನೂರು ಮಕ್ಕಳಲ್ಲಿ ಎಷ್ಟು ಜನಕ್ಕೆ ಗುಲ್ಮ ಸಿಗುತ್ತದೆಂದು ಎಣಿಸುತ್ತಿದ್ದರು. ಇದನ್ನು ಗುಲ್ಮದರ ಎನ್ನುತ್ತಿದ್ದರು. 1945-46ರಲ್ಲಿ ಮುಂಬಯಿ ಪ್ರಾಂತದ ಮಲೇರಿಯಾ ವಿಭಾಗದ ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅವರು ಹಳ್ಳಿಮನೆಗಳ ಗೋಡೆಗೆ ಡಿಡಿಟಿ ಸಿಂಪಡಿಸುವ ಕೆಲಸ ಹಿಡಿದದ್ದು ಧಾರವಾಡ ಜಿಲ್ಲೆಯಲ್ಲಿ ಮತ್ತು ಆಗ ಕೆನರಾ ಎನ್ನುತ್ತಿದ್ದ ನಮ್ಮ ಈ ಜಿಲ್ಲೆಯಲ್ಲಿ. 1953ರಲ್ಲಿ ದೇಶಕ್ಕೆಲ್ಲ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬರುವ ಮೊದಲೇ ಇಲ್ಲಿ ಆ ಕೆಲಸ ನಡೆದಿತ್ತು. ಹಾಗಾಗಿ ಗುಲ್ಮ ಎಂಬ ಅಂಗಕ್ಕೂ ನಮ್ಮ ಕಾಡು ಕರಾವಳಿಗೂ ಹಳೆಯ ಪರಿಚಯವಿದೆ.

ಜ್ವರಗಡ್ಡೆ ಈಗ ಅಪರೂಪ. ಇವತ್ತು ನಾನು ಹೇಳಹೊರಟದ್ದು ಇನ್ನೂ ಅಪರೂಪದ, ಆದರೆ ಬಂದರೆ ಗಂಟೆಗಳ ಲೆಕ್ಕದಲ್ಲಿ ಜೀವ ಕೇಳುವ ಒಂದು ಸ್ಥಿತಿಯ ಬಗ್ಗೆ. ಗುಲ್ಮದೊಳಗೆ ದ್ರವ ತುಂಬಿದ ಚೀಲವೊಂದು ಬೆಳೆದಿರುತ್ತದೆ. ವೈದ್ಯರು ಅದನ್ನು ಸಿಸ್ಟ್ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅದು ಒಡೆದರೆ ಏನಾಗುತ್ತದೆ, ಒಡೆದದ್ದನ್ನು ಹೇಗೆ ಗುರುತಿಸಬೇಕು, ಏನು ಚಿಕಿತ್ಸೆ? ಕಾಳಿ ನದಿಯ ಬಡಗು ದಂಡೆಯ ಹಣಕೋಣವನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಹೇಳುತ್ತೇನೆ. ಪುಸ್ತಕದಲ್ಲಿರುವ ಚಿಕಿತ್ಸೆ ಆಸ್ಪತ್ರೆಯ ಬಾಗಿಲಿನಿಂದ ಶುರುವಾಗುತ್ತದೆ. ನಮ್ಮವರ ಕಷ್ಟ ಅದಕ್ಕೆ ಮೊದಲೇ, ಮನೆಯ ಜಗಲಿಯಲ್ಲಿ ಶುರುವಾಗಿರುತ್ತದೆ.

ಗುಲ್ಮವಿರುವುದು ಎಡ ಪಕ್ಕೆಯಲ್ಲಿ, ಒಂಬತ್ತರಿಂದ ಹನ್ನೊಂದನೆಯ ಪಕ್ಕೆಲುಬುಗಳ ಮರೆಯಲ್ಲಿ. ದೊಡ್ಡವರಲ್ಲಿ ಸುಮಾರು 150 ಗ್ರಾಂ ತೂಕ, ಮುಷ್ಟಿಯಷ್ಟು ಗಾತ್ರ. ಆರೋಗ್ಯವಾಗಿದ್ದಾಗ ಹೊರಗಿನಿಂದ ಕೈಗೆ ಸಿಗುವುದಿಲ್ಲ. ಹಳೆಯ ಕೆಂಪು ರಕ್ತಕಣಗಳನ್ನು ಸೋಸಿ ತೆಗೆಯುವುದು, ರಕ್ತದಲ್ಲಿ ಸುತ್ತುವ ಕೆಲವು ಬಗೆಯ ರೋಗಾಣುಗಳನ್ನು ಹಿಡಿದು ಕೊಲ್ಲುವುದು ಅದರ ಕೆಲಸ. ಈ ಚಿಕ್ಕ ಅಂಗದ ಮೂಲಕ ನಿಮಿಷಕ್ಕೆ ಕಾಲು ಲೀಟರಿನ ಆಸುಪಾಸು ರಕ್ತ ಹರಿಯುತ್ತದೆ. ಗುಲ್ಮ ಹರಿದರೆ ಏಕೆ ಅಷ್ಟು ಬೇಗ ಮನುಷ್ಯ ಬಿಳಿಚಿಕೊಳ್ಳುತ್ತಾನೆ ಎಂಬುದಕ್ಕೆ ಈ ಅಂಕಿ ಸಾಕು.

ಇದರೊಳಗೆ ಸಿಸ್ಟ್ ಹುಟ್ಟುವ ದಾರಿಗಳು ಮುಖ್ಯವಾಗಿ ಮೂರು. ಒಂದು, ಹುಟ್ಟಿನಿಂದಲೇ ಗುಲ್ಮದೊಳಗೆ ಸಿಕ್ಕಿಕೊಂಡ ಒಳಪದರದ ಜೀವಕೋಶಗಳು ನಿಧಾನವಾಗಿ ದ್ರವ ಸುರಿಸುತ್ತ ಚೀಲವಾಗುವುದು. ಇದು ಹೆಚ್ಚಾಗಿ ಮಕ್ಕಳಲ್ಲಿ, ಹರೆಯದವರಲ್ಲಿ ಕಾಣುತ್ತದೆ. ಎರಡು, ಪೆಟ್ಟು. ಪಕ್ಕೆಗೆ ಬಿದ್ದ ಪೆಟ್ಟಿನಿಂದ ಗುಲ್ಮದೊಳಗೆ ರಕ್ತ ಹೆಪ್ಪುಗಟ್ಟುತ್ತದೆ, ಹೊರಗೆ ಏನೂ ಗೊತ್ತಾಗುವುದಿಲ್ಲ, ಆ ಹೆಪ್ಪು ಕರಗಿ ಕಂದು ನೀರಾಗಿ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ಸಿಸ್ಟ್ ಆಗಿ ಕೂತಿರುತ್ತದೆ. ಇದಕ್ಕೆ ಒಳಪದರವಿಲ್ಲ, ಆದ್ದರಿಂದ ಸುಳ್ಳು ಸಿಸ್ಟ್ ಎನ್ನುತ್ತಾರೆ. ಹುಳುವಿನಿಂದಲ್ಲದ ಸಿಸ್ಟ್‌ಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಇವೇ ಎಂದು ಶಸ್ತ್ರವೈದ್ಯದ ಪಠ್ಯಗಳು ಬಹುಕಾಲದಿಂದ ಹೇಳಿಕೊಂಡು ಬಂದಿವೆ. ಮೂರನೆಯದು ಹೈಡಾಟಿಡ್, ಅಂದರೆ ನಾಯಿಯ ಕರುಳಿನಲ್ಲಿ ಬದುಕುವ ಒಂದು ಪುಟ್ಟ ಲಾಡಿಹುಳುವಿನ ಮರಿಚೀಲ. ಅದರ ಹೆಸರು ಎಕೈನೊಕಾಕಸ್. ಕುರಿ, ಆಡು, ದನಗಳ ಒಳಾಂಗಗಳಲ್ಲಿ ಈ ಚೀಲವಿರುತ್ತದೆ. ಕಡಿದ ಮೇಲೆ ಬಿಸಾಡಿದ ಆ ಒಳಾಂಗವನ್ನು ನಾಯಿ ತಿನ್ನುತ್ತದೆ. ನಾಯಿಯ ಮಲದಿಂದ ಮೊಟ್ಟೆ ಮಣ್ಣಿಗೆ, ಕೈಗೆ, ಸೊಪ್ಪು ತರಕಾರಿಗೆ ಬರುತ್ತದೆ. ಅಲ್ಲಿಂದ ನಮ್ಮ ಹೊಟ್ಟೆಗೆ. ನಮ್ಮ ಕರಾವಳಿಯವರು ಕೇಳುವ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ: ಮೀನಿನಿಂದ, ಕಾಳಿಯ ಚಿಪ್ಪಿಯಿಂದ ಇದು ಬರುವುದಿಲ್ಲ. ಬೇಯಿಸಿದ ಮಾಂಸದಿಂದಲೂ ಬರುವುದಿಲ್ಲ. ಹೈಡಾಟಿಡ್ ಸಾಮಾನ್ಯವಾಗಿ ಯಕೃತ್ತು, ಶ್ವಾಸಕೋಶಗಳಲ್ಲಿ ಕೂರುತ್ತದೆ, ಗುಲ್ಮದಲ್ಲಿ ಕಡಿಮೆ. ಆದರೂ ಅದನ್ನು ಮರೆಯುವಂತಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಪೆಟ್ಟಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಪಕ್ಕೆಗೆ ಪೆಟ್ಟಾಗುವ ಸಂದರ್ಭಗಳಿಗೇನು ಕಡಿಮೆಯೇ? ತೆಂಗಿನ ಮರದಿಂದ ಜಾರುವುದು, ಮಳೆಗಾಲದ ಪಾಚಿಗಟ್ಟಿದ ಅಂಗಳದಲ್ಲಿ ಬೀಳುವುದು, ಬೈಕಿನ ಹ್ಯಾಂಡಲ್ ಹೊಟ್ಟೆಗೆ ಒತ್ತುವುದು, ಎಮ್ಮೆ ಒದೆಯುವುದು, ದೋಣಿಯ ಅಂಚು ತಾಗುವುದು, ಕಬಡ್ಡಿಯಲ್ಲಿ ಮೊಣಕಾಲು ಬಡಿಯುವುದು. ಎರಡು ದಿನ ನೋವಿರುತ್ತದೆ, ಮೂರನೆಯ ದಿನ ಕೆಲಸಕ್ಕೆ ಹೋಗುತ್ತಾರೆ, ಆಮೇಲೆ ಮರೆತೇಹೋಗುತ್ತದೆ. ಬಹುತೇಕರಿಗೆ ಏನೂ ಆಗುವುದಿಲ್ಲ, ಗಾಬರಿ ಬೇಡ. ಆದರೆ ಗುಲ್ಮದ ಸಿಸ್ಟ್ ಇರುವವರನ್ನು ಕೂರಿಸಿಕೊಂಡು ತಾಳ್ಮೆಯಿಂದ ಕೇಳಿದರೆ, ಎಷ್ಟೋ ಸಲ ಹೀಗೆ ಮರೆತ ಒಂದು ಪೆಟ್ಟಿನ ಕಥೆ ಹೊರಗೆ ಬರುತ್ತದೆ. ರೋಗಿಗೆ ನೆನಪಿಲ್ಲದಿದ್ದರೂ ತಾಯಿಗೆ ನೆನಪಿರುತ್ತದೆ.

ಒಡೆಯದ ಸಿಸ್ಟ್ ಸುಮ್ಮನಿರುತ್ತದೆ. ಬೆಳೆದು ದೊಡ್ಡದಾದಾಗ ಎಡಪಕ್ಕೆಯಲ್ಲಿ ಭಾರವೆನಿಸಬಹುದು, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗಬಹುದು, ದೀರ್ಘ ಉಸಿರೆಳೆದಾಗ ಚುಚ್ಚಬಹುದು. ಹೊಟ್ಟೆಯ ಸ್ಕ್ಯಾನಿಂಗ್ ಊರೂರಿಗೆ ಬಂದ ಮೇಲೆ ಇವು ಹೆಚ್ಚಾಗಿ ಕಾಣಸಿಗುವುದು ಬೇರಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ, ಮೂತ್ರಪಿಂಡದ ಕಲ್ಲಿಗೋ ಬಸುರಿನ ತಪಾಸಣೆಗೋ. ಇಂಥ ಅನುಕೂಲ ಹಿಂದಿನವರಿಗಿರಲಿಲ್ಲ. 1829ರಲ್ಲಿ ಫ್ರಾನ್ಸಿನ ಆಂಡ್ರಾಲ್ ಗುಲ್ಮದ ಸಿಸ್ಟ್ ಅನ್ನು ಮೊದಲು ವರ್ಣಿಸಿದ್ದು ಸತ್ತವರ ದೇಹದಲ್ಲಿ ಕಂಡು. ಬದುಕಿದ್ದವರ ಹೊಟ್ಟೆ ತೆರೆದು ಇಂಥ ಸಿಸ್ಟ್‌ಗಾಗಿ ಗುಲ್ಮವನ್ನೇ ತೆಗೆದು ರೋಗಿಯನ್ನು ಉಳಿಸಿದವನು ಪ್ಯಾರಿಸ್ಸಿನ ಪೆಯಾನ್, 1867ರಲ್ಲಿ. ಸುರಕ್ಷಿತವಾಗಿ ರಕ್ತ ಕೊಡುವ ವಿದ್ಯೆಯಾಗಲಿ ಆಂಟಿಬಯಾಟಿಕ್ ಔಷಧವಾಗಲಿ ಇನ್ನೂ ಬಂದಿರದ ಕಾಲ ಅದು ಎಂಬುದನ್ನು ನೆನೆದರೆ ಆ ಕೈಯ ಧೈರ್ಯ ತಿಳಿಯುತ್ತದೆ.

ಇನ್ನು ಒಡೆಯುವ ಹೊತ್ತು. ಸಿಸ್ಟ್ ದೊಡ್ಡದಾದಷ್ಟೂ ಅದರ ಗೋಡೆ ಬಿಗಿಯಾಗುತ್ತದೆ. ಹೊಸದೊಂದು ಸಣ್ಣ ಪೆಟ್ಟು, ಕೆಲವೊಮ್ಮೆ ಜೋರಾದ ಕೆಮ್ಮು ಅಥವಾ ಭಾರ ಎತ್ತುವಿಕೆ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ ಅದು ಬಿರಿಯುತ್ತದೆ. ಬರೀ ದ್ರವ ಹೊರಬಂದರೆ ಹೊಟ್ಟೆಯ ಒಳಪೊರೆ ಉರಿದೇಳುತ್ತದೆ; ಹೊಟ್ಟೆ ಹಲಗೆಯಂತೆ ಬಿಗಿಯಾಗುತ್ತದೆ. ಗೋಡೆಯೊಂದಿಗೆ ಗುಲ್ಮದ ತಿರುಳೂ ಹರಿದರೆ ರಕ್ತ ಸುರಿಯುತ್ತದೆ. ಮೊದಲೇ ಸೋಂಕು ತಗುಲಿದ ಸಿಸ್ಟ್ ಆದರೆ ಕೀವು ಹರಡುತ್ತದೆ.

ಲಕ್ಷಣಗಳನ್ನು ದಯವಿಟ್ಟು ಗಮನವಿಟ್ಟು ಕೇಳಿ. ಎಡ ಮೇಲುಹೊಟ್ಟೆಯಲ್ಲಿ ಹಠಾತ್ತಾಗಿ ಬರುವ ತೀವ್ರ ನೋವು. ಅದರ ಜೊತೆಗೆ ಎಡ ಭುಜದ ತುದಿಯಲ್ಲಿ ನೋವು. ಭುಜಕ್ಕೆ ಏನೂ ಆಗಿರುವುದಿಲ್ಲ, ಕೈ ಎತ್ತಿ ಇಳಿಸಿದರೆ ನೋವು ಹೆಚ್ಚುವುದೂ ಇಲ್ಲ. ಆದರೆ ಮಲಗಿಸಿ ಕಾಲು ಎತ್ತಿ ಹಿಡಿದರೆ ಹೆಚ್ಚಬಹುದು. ಎದೆ ಮತ್ತು ಹೊಟ್ಟೆಯ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ಹೊಟ್ಟೆಯಲ್ಲಿ ಶೇಖರವಾದ ರಕ್ತ ಅದನ್ನು ಕೆಣಕುತ್ತದೆ. ವಪೆಯ ನರ ಹೊರಡುವುದು ಕತ್ತಿನಿಂದ, ಭುಜದ ಚರ್ಮದ ನರಗಳು ಹೊರಡುವ ಜಾಗದಿಂದಲೇ. ಹಾಗಾಗಿ ಮಿದುಳು ಹೊಟ್ಟೆಯ ನೋವನ್ನು ಭುಜದ್ದೆಂದು ಓದುತ್ತದೆ. ಇದನ್ನು ವೈದ್ಯರು ಜರ್ಮನಿಯ ಶಸ್ತ್ರವೈದ್ಯ ಹಾನ್ಸ್ ಕೆರ್ ಹೆಸರಿನಿಂದ ಕೆರ್ ಚಿಹ್ನೆ ಎನ್ನುತ್ತಾರೆ. ಇವುಗಳ ಜೊತೆ ಮುಖ ಬಿಳಿಚುವುದು, ತಣ್ಣನೆಯ ಬೆವರು, ಎದ್ದರೆ ಕಣ್ಣು ಕತ್ತಲಿಡುವುದು, ಬಾಯಾರಿಕೆ, ಓಡುವ ನಾಡಿ.

ಮನೆಯಲ್ಲಿ ಆಗ ಏನು ನಡೆಯುತ್ತದೆ? ‘ಆಯಿ, ಹೊಟ್ಟೆ ನೋಯ್ತದೆ, ಭುಜಾನೂ ನೋಯ್ತದೆ’ ಎಂದರೆ, ‘ಗ್ಯಾಸ್ ಆಗಿರ್ಬೇಕು ಮಗಾ, ಓಮಿನ ಕಷಾಯ ಮಾಡ್ಕೊಡ್ತೆ, ಭುಜಕ್ಕೆ ಎಣ್ಣೆ ಹಚ್ತೆ’ ಎನ್ನುತ್ತಾಳೆ ತಾಯಿ. ಪ್ರೀತಿಯ ಮಾತೇ ಅದು, ನೂರರಲ್ಲಿ ತೊಂಬತ್ತು ಸಲ ಸರಿಯೂ ಇರಬಹುದು. ಆದರೆ ಎಡ ಹೊಟ್ಟೆ, ಎಡ ಭುಜ, ಬಿಳಿಚಿದ ಮುಖ, ಈ ಮೂರೂ ಕೂಡಿ ಬಂದರೆ ಅದು ಗ್ಯಾಸ್ ಅಲ್ಲ ಎಂದುಕೊಂಡೇ ಹೊರಡಬೇಕು. ಹೊಟ್ಟೆಗೆ ಎಣ್ಣೆ ಹಚ್ಚಿ ತಿಕ್ಕಲೇಬೇಡಿ. ಹರಿದ ಗುಲ್ಮದ ಮೇಲೆ ರಕ್ತ ಹೆಪ್ಪುಗಟ್ಟಿ ನಿಂತಿದ್ದರೆ ತಿಕ್ಕಿದಾಗ ಅದು ಕಳಚುತ್ತದೆ. ಕಷಾಯ, ಸೋಡಾ, ಗಂಜಿ ಯಾವುದನ್ನೂ ಕೊಡಬೇಡಿ. ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿಯಿರಬೇಕು. ಬೈಕಿನ ನಡುವೆ ಕೂರಿಸಿಕೊಂಡು ಹೋಗಬೇಡಿ. ಮಲಗಿಸಿ, 108ಕ್ಕೆ ಫೋನ್ ಮಾಡಿ. 2008ರಿಂದ ನಮ್ಮ ರಾಜ್ಯದಲ್ಲಿರುವ ಈ ಆಂಬುಲೆನ್ಸಿಗೆ ‘ಹೊಟ್ಟೆನೋವು’ ಎಂದಷ್ಟೇ ಹೇಳದೆ, ‘ಹೊಟ್ಟೆಯೊಳಗೆ ರಕ್ತ ಹೋಗುತ್ತಿರಬಹುದು, ತಲೆ ತಿರುಗಿ ಬೀಳುತ್ತಿದ್ದಾರೆ’ ಎಂದು ಹೇಳಿ. ನಿಮ್ಮ ಆ ಒಂದು ವಾಕ್ಯದಿಂದ ಮುಂದಿನವರ ತಯಾರಿ ಬದಲಾಗುತ್ತದೆ. ರಕ್ತ ಕೊಡಬಲ್ಲ ಇಬ್ಬರು ಮೂವರು ಗಟ್ಟಿಮುಟ್ಟಾದವರೂ ಜೊತೆಗೆ ಹೊರಡಲಿ.

ಹೈಡಾಟಿಡ್ ಅನ್ನು ಮರೆಯುವಂತಿಲ್ಲ ಎಂದೆನಲ್ಲ, ಅದು ಒಡೆದಾಗ ಇನ್ನೊಂದು ಬಗೆಯ ಅಪಾಯವಿದೆ. ಆ ಚೀಲದ ನೀರು ತಿಳಿಯಾಗಿ ಕಾಣುತ್ತದೆ, ಆದರೆ ನಮ್ಮ ದೇಹಕ್ಕೆ ಅದು ಪರಕೀಯ. ಅದು ಹೊಟ್ಟೆಯೊಳಗೆ ಚೆಲ್ಲಿದರೆ ಮೈಯೆಲ್ಲ ದದ್ದೆದ್ದು, ತುಟಿ ಕಣ್ಣು ಊದಿ, ಉಸಿರು ಸಿಕ್ಕಿ, ರಕ್ತದೊತ್ತಡ ಕುಸಿಯಬಹುದು. ಹೊಟ್ಟೆನೋವಿನ ರೋಗಿಗೆ ಮೈತುರಿಕೆ ಯಾಕೆ ಬಂತು ಎಂದು ಯೋಚಿಸುತ್ತ ಕೂರುವ ಹೊತ್ತಲ್ಲ ಅದು. ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಇಂಜೆಕ್ಷನ್ ಮೊದಲ ಮದ್ದು, ಅದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡಬಹುದು. ಚೆಲ್ಲಿದ ನೀರಿನಲ್ಲಿರುವ ಮರಿಹುಳುಗಳು ಹೊಟ್ಟೆಯೊಳಗೆ ಅಲ್ಲಲ್ಲಿ ಬೇರೂರಿ ವರ್ಷಗಳ ಮೇಲೆ ಹೊಸ ಸಿಸ್ಟ್‌ಗಳಾಗುತ್ತವೆ. ಆದ್ದರಿಂದಲೇ ಹೈಡಾಟಿಡ್ ಅಲ್ಲವೆಂದು ಖಚಿತವಾಗದೆ ಯಾವ ಸಿಸ್ಟ್‌ಗೂ ಸುಮ್ಮನೆ ಸೂಜಿ ಚುಚ್ಚಿ ನೀರು ತೆಗೆಯಬಾರದು.

ಆಸ್ಪತ್ರೆ ತಲುಪಿದ ಮೇಲೆ ವೈದ್ಯರು ಮೊದಲು ನೋಡುವುದು ನಾಡಿ, ರಕ್ತದೊತ್ತಡ, ಉಸಿರು, ಪ್ರಜ್ಞೆ. ಎರಡೂ ತೋಳಿಗೆ ದಪ್ಪ ಸೂಜಿ ಹಾಕಿ, ರಕ್ತದ ಗುಂಪು ನೋಡಲು ಮಾದರಿ ಕಳಿಸುತ್ತಾರೆ. ಇಲ್ಲಿ ಒಂದು ಮಾತನ್ನು ಕಿರಿಯ ವೈದ್ಯ ಮಿತ್ರರಿಗೂ ಸೇರಿಸಿ ಹೇಳುತ್ತೇನೆ. ಹರೆಯದವರ ದೇಹ ಬಹಳ ಹೊತ್ತು ಸುಳ್ಳು ಧೈರ್ಯ ತೋರಿಸುತ್ತದೆ. ಮೈಯ ರಕ್ತದಲ್ಲಿ ಸುಮಾರು ಮೂರರಲ್ಲೊಂದು ಪಾಲು ಹೋಗುವವರೆಗೂ ರಕ್ತದೊತ್ತಡ ಬೀಳದೆ ಇರಬಹುದು. ಅಷ್ಟರಲ್ಲಿ ನಾಡಿ ಮಾತ್ರ ನೂರಿಪ್ಪತ್ತಕ್ಕೆ ಏರಿರುತ್ತದೆ. ಹಿಮೋಗ್ಲೋಬಿನ್ ಕೂಡ ಮೊದಲ ಗಂಟೆಗಳಲ್ಲಿ ಸರಿಯಾಗಿಯೇ ಕಾಣುತ್ತದೆ, ಯಾಕೆಂದರೆ ರಕ್ತದ ನೀರೂ ಕಣಗಳೂ ಸಮಪ್ರಮಾಣದಲ್ಲಿ ಹೋಗಿರುತ್ತವೆ. ‘ಎಚ್‌ಬಿ ಹನ್ನೆರಡಿದೆ, ಬೆಳಿಗ್ಗೆವರೆಗೆ ನೋಡೋಣ’ ಎಂಬ ತೀರ್ಮಾನ ಇಂಥ ರೋಗಿಯಲ್ಲಿ ತೀರ ಅಪಾಯದ್ದು. ಹದಿನೈದು ನಿಮಿಷಕ್ಕೊಮ್ಮೆ ನಾಡಿ ಎಣಿಸಬೇಕು.

ಮುಂದಿನ ಹೆಜ್ಜೆ ಹಾಸಿಗೆಯ ಪಕ್ಕದಲ್ಲೇ ಮಾಡುವ ಅಲ್ಟ್ರಾಸೌಂಡ್. ಯಕೃತ್ತು ಮತ್ತು ಮೂತ್ರಪಿಂಡದ ಸಂದಿನಲ್ಲಿ, ಗುಲ್ಮದ ಸುತ್ತ, ಕಿಬ್ಬೊಟ್ಟೆಯಲ್ಲಿ, ಹೃದಯದ ಹೊದಿಕೆಯಲ್ಲಿ ದ್ರವ ಇದೆಯೇ ಎಂದು ನೋಡಲು ಕೆಲವೇ ನಿಮಿಷ ಸಾಕು. ಮಗು ಹೆರುವ ವಯಸ್ಸಿನ ಹೆಂಗಸಾದರೆ ಮೂತ್ರದಲ್ಲಿ ಬಸುರಿನ ಪರೀಕ್ಷೆ ಮಾಡಲೇಬೇಕು. ಹೊಟ್ಟೆಯೊಳಗೆ ರಕ್ತ ತುಂಬಿದಾಗ ಗರ್ಭನಾಳದ ಬಸುರು ಒಡೆದಿರುವ ಸಾಧ್ಯತೆ ಗುಲ್ಮಕ್ಕಿಂತ ಎಷ್ಟೋ ಪಾಲು ಹೆಚ್ಚು. ಜ್ವರವಿದ್ದರೆ ಮಲೇರಿಯಾ ಪರೀಕ್ಷೆಯೂ ಬೇಕು, ಮಲೇರಿಯಾದಿಂದ ಊದಿದ ಗುಲ್ಮ ತಾನಾಗಿಯೇ ಒಡೆಯುವುದುಂಟು. ಮೇದೋಜೀರಕ ಗ್ರಂಥಿಯ ಉರಿಯೂತದಿಂದ ಹುಟ್ಟಿದ ಚೀಲ ಗುಲ್ಮದವರೆಗೆ ಚಾಚಿ ಹೀಗೆ ನಟಿಸುತ್ತದೆ, ಕುಡಿತದ ಅಭ್ಯಾಸ ಕೇಳಬೇಕು, ಅಮೈಲೇಸ್ ನೋಡಬೇಕು. ರೋಗಿ ಸ್ಥಿರವಾಗಿದ್ದರೆ ಬಣ್ಣದ ಮದ್ದು ಕೊಟ್ಟು ಮಾಡುವ ಸಿ.ಟಿ. ಸ್ಕ್ಯಾನ್ ಎಲ್ಲವನ್ನೂ ಬಿಡಿಸಿ ತೋರಿಸುತ್ತದೆ: ಸಿಸ್ಟ್ ಎಲ್ಲಿದೆ, ಗೋಡೆಯಲ್ಲಿ ಸುಣ್ಣ ಕಟ್ಟಿದೆಯೇ, ಒಳಗೆ ಮರಿಚೀಲಗಳಿವೆಯೇ, ಈಗಲೂ ರಕ್ತ ಚಿಮ್ಮುತ್ತಿದೆಯೇ. ರೋಗಿ ಸ್ಥಿರವಾಗಿಲ್ಲದಿದ್ದರೆ ಸ್ಕ್ಯಾನ್ ಕೋಣೆಗೆ ಒಯ್ಯಬಾರದು. ಉತ್ತರ ಆಪರೇಷನ್ ಟೇಬಲ್ಲಿನ ಮೇಲೆ ಸಿಗುತ್ತದೆ.

ಇಲ್ಲಿಂದ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಇವತ್ತಿನ ಶಸ್ತ್ರವೈದ್ಯಶಾಸ್ತ್ರ ಗುಲ್ಮವನ್ನು ಉಳಿಸು ಎನ್ನುತ್ತದೆ. ಅದು ಸರಿಯಾದ ಮಾತು. ಹಿಂದೆ ಗುಲ್ಮಕ್ಕೆ ಪೆಟ್ಟಾದರೆ ತೆಗೆದುಹಾಕುವುದೇ ವಾಡಿಕೆಯಾಗಿತ್ತು. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶೂಮೇಕರ್ ಎಂಬ ವೈದ್ಯರು, ಗುಲ್ಮ ತೆಗೆದ ಎಳೆಕೂಸುಗಳು ಆಮೇಲೆ ಭೀಕರ ಸೋಂಕಿಗೆ ಈಡಾದದ್ದನ್ನು ಬರೆದ ಮೇಲೆ ಎಲ್ಲರೂ ಎಚ್ಚೆತ್ತರು. ನಂತರದ ದಶಕದಲ್ಲಿ ಬ್ರೆಜಿಲ್‌ನ ಕ್ರಿಸ್ಟೊ ಗುಲ್ಮದ ಒಂದು ಭಾಗವನ್ನಷ್ಟೇ ತೆಗೆದು ಉಳಿದದ್ದನ್ನು ಕಾಪಾಡುವ ದಾರಿ ತೋರಿಸಿದರು. ಗುಲ್ಮದ ಒಂದೊಂದು ಭಾಗಕ್ಕೆ ರಕ್ತನಾಳದ ಬೇರೆ ಬೇರೆ ಕವಲುಗಳಿರುವುದರಿಂದ ಇದು ಸಾಧ್ಯ. ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಉಳಿದರೂ ಅದು ತನ್ನ ಕೆಲಸ ಮಾಡಿಕೊಂಡು ಹೋಗುತ್ತದೆ. ಈಗ ದುರ್ಬೀನಿನ ಶಸ್ತ್ರಚಿಕಿತ್ಸೆಯಲ್ಲಿ ಸಿಸ್ಟ್‌ನ ಮೇಲ್ಗೋಡೆಯನ್ನಷ್ಟೇ ಕತ್ತರಿಸಿ ತೆಗೆಯುತ್ತಾರೆ. ತೊಡೆಯ ಸಂದಿನ ರಕ್ತನಾಳದಿಂದ ತೆಳುವಾದ ಕೊಳವೆ ತೂರಿಸಿ ರಕ್ತ ಸೋರುವ ಕವಲನ್ನು ಮುಚ್ಚುವ ಎಂಬಲೈಸೇಷನ್ ಎಂಬ ವಿಧಾನವೂ ಇದೆ.

ಆದರೆ ಉಳಿಸು ಎಂಬ ಈ ಉಪದೇಶದ ಹಿಂದೆ ಒಂದು ಷರತ್ತಿದೆ, ಅದನ್ನು ಪುಸ್ತಕಗಳು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ: ಹಗಲು ರಾತ್ರಿ ರೋಗಿಯ ಮೇಲೆ ಕಣ್ಣಿಡುವ ಜನ, ಕೂಡಲೇ ಸಿಗುವ ರಕ್ತ, ಕರೆದ ಕ್ಷಣಕ್ಕೆ ತೆರೆಯುವ ಆಪರೇಷನ್ ಥಿಯೇಟರ್ ಇರಬೇಕು. ಹಣಕೋಣದವರಿಗೆ ಇವೆಲ್ಲ ಎಷ್ಟು ದೂರ? ಕಾಳಿ ಸೇತುವೆ ದಾಟಿದರೆ ಕಾರವಾರ. ಅಲ್ಲಿ ಜಿಲ್ಲಾ ಆಸ್ಪತ್ರೆಯಿದೆ, 2016ರಿಂದ ವೈದ್ಯಕೀಯ ಕಾಲೇಜೂ ಇದೆ, ನಾವೆಲ್ಲ ಕ್ರಿಮ್ಸ್ ಎನ್ನುವುದು ಅದನ್ನೇ. ಅದಕ್ಕಿಂತ ಮುಂದಿನ ಚಿಕಿತ್ಸೆ ಬೇಕೆಂದರೆ ಬಡಗಕ್ಕೆ ಗೋವೆಯ ಬಾಂಬೋಳಿಯ ವೈದ್ಯಕೀಯ ಕಾಲೇಜು, ನೂರು ಕಿಲೋಮೀಟರಿನ ಆಸುಪಾಸು. ಮೂಡಣಕ್ಕೆ ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ. ತೆಂಕಣಕ್ಕೆ ಇನ್ನೂರು ಕಿಲೋಮೀಟರ್ ದಾಟಿ ಮಣಿಪಾಲ. ಈ ದಾರಿಗಳೂ ಎಲ್ಲ ಕಾಲಕ್ಕೂ ತೆರೆದಿರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ಮುಚ್ಚಿತು. ಅದಾಗಿ ತಿಂಗಳೂ ತುಂಬಿರಲಿಲ್ಲ, ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದು ಬಿತ್ತು. ಪಕ್ಕದ ಹೊಸ ಸೇತುವೆ ಇಲ್ಲದಿದ್ದರೆ ಹಣಕೋಣ, ಅಸ್ನೋಟಿ, ಸದಾಶಿವಗಡದ ರೋಗಿಗಳಿಗೆ ಕಾರವಾರವೇ ಇಲ್ಲವಾಗುತ್ತಿತ್ತು. ದಾರಿ ತೆರೆದಿದ್ದರೂ ಅಪಾಯ ತಪ್ಪಿದ್ದಲ್ಲ: 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಬಳಿಯ ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ತೀರಿಕೊಂಡರು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದು ಕೇಳಿದ ಬೇಡಿಕೆ ನ್ಯಾಯವಾದದ್ದು. ಅದನ್ನು ಈ ಮೈಕಿನ ಮುಂದೆಯೂ ಹೇಳಲು ನನಗೆ ಸಂಕೋಚವಿಲ್ಲ.

ಅದು ಬರುವವರೆಗೆ ಏನು? ನನ್ನ ನಿಲುವು ಸ್ಪಷ್ಟ. ನಾಡಿ ಓಡುತ್ತಿರುವ, ಒತ್ತಡ ಬೀಳುತ್ತಿರುವ, ಹೊಟ್ಟೆಯಲ್ಲಿ ರಕ್ತವಿರುವ ರೋಗಿಯನ್ನು ಗುಲ್ಮ ಉಳಿಸುವ ಆಸೆಯಿಂದ ದೂರದೂರಿಗೆ ಕಳಿಸಬಾರದು. ಹತ್ತಿರದಲ್ಲಿ ಶಸ್ತ್ರವೈದ್ಯ, ಅರಿವಳಿಕೆ ತಜ್ಞ, ನಾಲ್ಕು ಬಾಟಲಿ ರಕ್ತ ಸಿಕ್ಕರೆ ಅಲ್ಲೇ ಹೊಟ್ಟೆ ತೆರೆದು ಗುಲ್ಮ ತೆಗೆಯುವುದು ಧರ್ಮ. ಗುಲ್ಮ ತೆಗೆಯುವುದು ಸಾಮಾನ್ಯ ಶಸ್ತ್ರವೈದ್ಯರೆಲ್ಲ ಕಲಿತಿರುವ ಶಸ್ತ್ರಕ್ರಿಯೆ. ಒಳಗೆ ಹೋದ ಮೇಲೆ ಹೊಲಿದು ಉಳಿಸೋಣವೆಂದರೆ ಅದು ಸುಲಭದ ಅಂಗವಲ್ಲ. ನೆನೆದ ರೊಟ್ಟಿಗೆ ದಾರ ಹಾಕಿದ ಹಾಗೆ, ಬಿಗಿದಲ್ಲೆಲ್ಲ ಹರಿಯುತ್ತದೆ. ಗುಲ್ಮವಿಲ್ಲದೆ ಮನುಷ್ಯ ಎಂಬತ್ತು ವರ್ಷ ಬಾಳಬಹುದು, ರಕ್ತವಿಲ್ಲದೆ ಘಟ್ಟ ಹತ್ತಲಾರ. ರೋಗಿ ಸ್ಥಿರವಾಗಿದ್ದರೆ ಮಾತು ಬೇರೆ. ಆಗ ಸಿ.ಟಿ. ಮಾಡಿಸಿ, ಎಂಬಲೈಸೇಷನ್ ಇಲ್ಲವೇ ಭಾಗಶಃ ಶಸ್ತ್ರಕ್ರಿಯೆ ಸಿಗುವ ಕಡೆಗೆ, ರಕ್ತವನ್ನೂ ಒಬ್ಬ ವೈದ್ಯರನ್ನೂ ಜೊತೆಗೆ ಕೊಟ್ಟು, ಹಗಲಿನಲ್ಲೇ ಕಳಿಸಬೇಕು. ಕಳಿಸುವ ಮೊದಲು ಅಲ್ಲಿಗೆ ಫೋನ್ ಮಾಡಿ ಹಾಸಿಗೆ ಇದೆಯೆಂದು ಖಚಿತಮಾಡಿಕೊಳ್ಳಬೇಕು.

ಇದೇ ಲೆಕ್ಕ ಒಡೆಯದ ಸಿಸ್ಟ್‌ಗೂ ಅನ್ವಯಿಸುತ್ತದೆ. ಐದು ಸೆಂಟಿಮೀಟರಿಗಿಂತ ಚಿಕ್ಕದು, ತೊಂದರೆ ಕೊಡದ್ದು, ಹೈಡಾಟಿಡ್ ಅಲ್ಲದ್ದು ಆದರೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಸ್ಕ್ಯಾನ್ ಮಾಡಿಸಿಕೊಂಡು ಇರಬಹುದು. ಅದಕ್ಕಿಂತ ದೊಡ್ಡದಾದರೆ ಶಸ್ತ್ರಕ್ರಿಯೆ ಮಾಡುವುದು ಬಹುಕಾಲದ ಪದ್ಧತಿ. ತೊಂದರೆ ಇಲ್ಲದಿದ್ದರೆ ದೊಡ್ಡದನ್ನೂ ಕಾಯ್ದು ನೋಡಬಹುದೆಂದು ಈಚೆಗೆ ಕೆಲವರು ವಾದಿಸುತ್ತಾರೆ. ಆಸ್ಪತ್ರೆಯ ಪಕ್ಕದಲ್ಲೇ ಮನೆಯಿರುವವರಿಗೆ ಆ ವಾದ ಒಪ್ಪಬಹುದು. ಆಳದ ಮೀನುಗಾರಿಕೆಗೆ ಹೋಗುವವನಿಗೆ, ಮರ ಹತ್ತುವವನಿಗೆ, ಮಳೆಗಾಲದಲ್ಲಿ ದಾರಿ ಕಡಿಯುವ ಊರಿನವನಿಗೆ ನಾನು ಹಾಗೆ ಹೇಳಲಾರೆ. ಒಡೆಯುವ ಮೊದಲೇ, ಪುರುಸೊತ್ತಿನಲ್ಲಿ, ಒಳ್ಳೆಯ ಕಡೆ ಹೋಗಿ, ಗುಲ್ಮ ಉಳಿಸಿಕೊಂಡು ಸಿಸ್ಟ್ ತೆಗೆಸಿಕೊಳ್ಳುವುದು ಅವನಿಗೆ ಮೇಲು. ಬಿಪಿಎಲ್ ಕಾರ್ಡಿನವರಿಗೆ 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವಿದೆ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಪಡೆದೇ ಹೊರಡಿ. ‘ಸೂಜಿಯಲ್ಲೇ ನೀರು ತೆಗೆದುಬಿಡಿ ಡಾಕ್ಟರೇ, ಕೊಯ್ಯುವುದು ಬೇಡ’ ಎಂದು ಕೇಳುವವರಿದ್ದಾರೆ. ಅರ್ಥವಾಗುವ ಆಸೆಯೇ. ಆದರೆ ಗೋಡೆ ಅಲ್ಲೇ ಉಳಿಯುವುದರಿಂದ ನೀರು ಸಾಮಾನ್ಯವಾಗಿ ಮತ್ತೆ ತುಂಬುತ್ತದೆ. ಮೇಲ್ಗೋಡೆಯನ್ನು ಸಣ್ಣದಾಗಿ ಕತ್ತರಿಸಿದರೂ ಹಾಗೇ. ಸಾಕಷ್ಟು ಅಗಲವಾಗಿ ತೆಗೆಯಬೇಕು. ಹೈಡಾಟಿಡ್ ಆದರೆ ಸುತ್ತ ಕಡು ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ ಇಟ್ಟು, ಒಂದು ಹನಿಯೂ ಚೆಲ್ಲದಂತೆ ಕೆಲಸ ಮಾಡಿ, ಆಮೇಲೆ ವಾರಗಟ್ಟಲೆ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಮಾತ್ರೆಯನ್ನು ಊಟದ ಜೊತೆ ತೆಗೆದುಕೊಂಡರೆ ಮೈಗೆ ಚೆನ್ನಾಗಿ ಸೇರುತ್ತದೆ. ನಡುನಡುವೆ ಯಕೃತ್ತಿನ ರಕ್ತಪರೀಕ್ಷೆ ಬೇಕು.

ತೆಗೆದ ಸಿಸ್ಟ್ ಗೋಡೆಯನ್ನು ಪೆಥಾಲಜಿ ಪರೀಕ್ಷೆಗೆ ಕಳಿಸಲೇಬೇಕು. ಒಳಪದರ ಇದೆಯೋ ಇಲ್ಲವೋ, ಹುಳುವಿನದೋ ಅಲ್ಲವೋ ಎಂಬುದು ಕೊನೆಗೆ ತೀರ್ಮಾನವಾಗುವುದು ಅಲ್ಲೇ. ವರದಿ ಬಂದ ದಿನ ರೋಗಿ ಊರಿಗೆ ಹೋಗಿರುತ್ತಾನೆ, ಹಾಗಾಗಿ ಅದನ್ನು ಕೇಳಿ ತರಿಸಿಕೊಳ್ಳುವ ಹೊಣೆ ಮನೆಯವರದ್ದೂ ಹೌದು.

ಗುಲ್ಮ ಹೋದವರ ಮುಂದಿನ ಬದುಕಿನ ಬಗ್ಗೆ ನಮ್ಮಲ್ಲಿ ಹೇಳುವವರು ಕಡಿಮೆ. ಹೊಲಿಗೆ ಬಿಚ್ಚಿದ ದಿನ ಎಲ್ಲ ಮುಗಿಯಿತೆಂದು ಜನ ತಿಳಿಯುತ್ತಾರೆ. ಮುಗಿದಿರುವುದಿಲ್ಲ. ನ್ಯುಮೊಕಾಕಸ್, ಮೆನಿಂಜೊಕಾಕಸ್, ಹೀಮೊಫಿಲಸ್ ಇನ್‌ಫ್ಲುಯೆಂಜಾ ಎಂಬ ರೋಗಾಣುಗಳನ್ನು ರಕ್ತದಿಂದ ಸೋಸುತ್ತಿದ್ದ ಅಂಗ ಈಗಿಲ್ಲ. ಅವು ನುಗ್ಗಿದರೆ ಬೆಳಿಗ್ಗೆ ಚಳಿಜ್ವರ ಬಂದವನು ಸಂಜೆಗೆ ಪ್ರಜ್ಞೆ ತಪ್ಪಬಹುದು. ಈ ಅಪಾಯ ಅಪರೂಪ, ಮೊದಲ ಎರಡು ಮೂರು ವರ್ಷ ಹೆಚ್ಚು, ಆದರೆ ಇಡೀ ಆಯುಷ್ಯ ಇರುತ್ತದೆ. ಇದನ್ನು ತಡೆಯಲು ಮೂರಕ್ಕೂ ಲಸಿಕೆಗಳಿವೆ. ಮೊದಲೇ ನಿಶ್ಚಯವಾದ ಶಸ್ತ್ರಕ್ರಿಯೆಯಾದರೆ ಕನಿಷ್ಠ ಹದಿನಾಲ್ಕು ದಿನ ಮೊದಲು, ತುರ್ತಿನದಾದರೆ ಹದಿನಾಲ್ಕು ದಿನ ಕಳೆದ ಮೇಲೆ ಹಾಕಿಸುವುದು ಉತ್ತಮ. ರೋಗಿ ಮತ್ತೆ ಬರುವ ನಂಬಿಕೆ ಇಲ್ಲದಿದ್ದರೆ ಮನೆಗೆ ಕಳಿಸುವ ದಿನವೇ ಹಾಕುವುದು ವಾಸಿ. ದೂರದ ಹಳ್ಳಿಯವರಿಗೆ ಈ ಕೊನೆಯ ದಾರಿಯೇ ಸರಿ ಎಂದು ನನ್ನ ಅಭಿಪ್ರಾಯ. ಅದರ ಮೇಲೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ. ಮಕ್ಕಳಿಗೆ, ಕೆಲವು ದೊಡ್ಡವರಿಗೂ, ಪೆನಿಸಿಲಿನ್ ಮಾತ್ರೆ ದಿನವೂ ಬೇಕಾಗುತ್ತದೆ.

ಲಸಿಕೆ ಹಾಕಿಸಿಕೊಂಡವರೂ ಜ್ವರವನ್ನು ಹಗುರಾಗಿ ಕಾಣಬಾರದು. ಮೈ ನಡುಗುವ ಚಳಿಯೊಂದಿಗೆ ಜ್ವರ ಬಂದರೆ, ವೈದ್ಯರು ಮೊದಲೇ ಬರೆದುಕೊಟ್ಟ ಆಂಟಿಬಯಾಟಿಕ್‌ನ ಮೊದಲ ಗುಳಿಗೆ ನುಂಗಿ ಕೂಡಲೇ ಆಸ್ಪತ್ರೆಗೆ ಹೊರಡಬೇಕು, ಪ್ಯಾರಾಸಿಟಮಾಲ್ ನುಂಗಿ ಬೆಳಗಾಗುವುದನ್ನು ಕಾಯಬಾರದು. ನಾಯಿ ಕಚ್ಚಿದರೆ ಹುಚ್ಚುನಾಯಿ ಚುಚ್ಚುಮದ್ದಿನ ಜೊತೆಗೆ ಆಂಟಿಬಯಾಟಿಕ್ ಕೂಡ ಬೇಕು, ನಾಯಿಯ ಬಾಯಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾ ಗುಲ್ಮವಿಲ್ಲದವರಿಗೆ ಮಾರಕ. ಮಲೇರಿಯಾ ಇರುವ ಕಡೆ ಕೆಲಸಕ್ಕೆ ಹೋಗುವವರು ಸೊಳ್ಳೆಪರದೆ ಬಿಡಬಾರದು, ಯಾವ ಜ್ವರಕ್ಕೂ ಮಲೇರಿಯಾ ಪರೀಕ್ಷೆ ಮಾಡಿಸಬೇಕು. ಗುಲ್ಮ ಉಳಿದವರಿಗೆ ಇಷ್ಟೆಲ್ಲ ಇಲ್ಲ. ಅವರು ಮೂರು ತಿಂಗಳು ಮರ ಹತ್ತುವುದು, ಕಬಡ್ಡಿ, ಭಾರದ ಬಲೆ ಎಳೆಯುವುದು ಬಿಟ್ಟು, ಹೇಳಿದ ದಿನಕ್ಕೆ ಸ್ಕ್ಯಾನ್ ಮಾಡಿಸಿಕೊಂಡರೆ ಸಾಕು.

ಇನ್ನು ಗುಲ್ಮವಿಲ್ಲದವರ ಕಾಗದಪತ್ರದ ಮಾತು. ಹಣಕೋಣದ ಸಾತೇರಿ ದೇವಿಯ ಗುಡಿ ವರ್ಷದಲ್ಲಿ ಏಳು ದಿನ ಮಾತ್ರ ತೆರೆಯುತ್ತದೆ. ಗೋವೆ, ಮುಂಬಯಿಯಲ್ಲಿ ದುಡಿಯುವ ಮಕ್ಕಳು ಮರಿಗಳೆಲ್ಲ ಆಗ ಊರಿಗೆ ಬರುತ್ತಾರೆ. ಅವರಲ್ಲಿ ಗುಲ್ಮ ತೆಗೆಸಿಕೊಂಡವರಿದ್ದರೆ ಅವರ ಕಾಗದಪತ್ರ ದೂರದ ಯಾವುದೋ ಆಸ್ಪತ್ರೆಯ ಕಪಾಟಿನಲ್ಲಿರುತ್ತದೆ. ಊರಿನಲ್ಲಿದ್ದಾಗ ಜ್ವರ ಬಂದರೆ ಇಲ್ಲಿನ ವೈದ್ಯರಿಗೆ ವಿಷಯವೇ ಗೊತ್ತಾಗುವುದಿಲ್ಲ. ಆದ್ದರಿಂದ ಒಂದು ಗಟ್ಟಿ ಕಾಗದದ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿ ಪರ್ಸಿನಲ್ಲಿಡಿ: ಇವರಿಗೆ ಗುಲ್ಮ ಇಲ್ಲ, ತೆಗೆದ ವರ್ಷ ಇದು, ಕಾರಣ ಇದು, ಹಾಕಿಸಿದ ಲಸಿಕೆಗಳು, ಅವುಗಳ ತಾರೀಖು ಇವು, ಯಾವ ಔಷಧ ಒಗ್ಗುವುದಿಲ್ಲ, ರಕ್ತದ ಗುಂಪು, ಮನೆಯವರ ಫೋನ್ ನಂಬರು. ಅದೇ ಕಾಗದದ ಫೋಟೋ ತೆಗೆದು ಮೊಬೈಲಿನಲ್ಲೂ ಇರಲಿ. ನಿಮ್ಮೂರಿನ ಆಶಾ ಕಾರ್ಯಕರ್ತೆಗೂ ಅದರ ಒಂದು ಪ್ರತಿ ಕೊಟ್ಟಿರಿ. ಬರೆದುಕೊಡಲು ನಿಮ್ಮ ಶಸ್ತ್ರವೈದ್ಯರನ್ನೇ ಕೇಳಿ, ಡಿಸ್ಚಾರ್ಜ್ ಆಗುವ ದಿನವೇ ಕೇಳಿ.